ಹೊಳೆಮತ್ತಿಯ ತೊಗಟೆ: ಮರ ಉಳಿಸಿಕೊಂಡು ತೆಗೆಯುವ ಕೆಲಸದ ದಾಖಲೆ

ಜಾಗ: ಹೊಸದುರ್ಗ ತಾಲ್ಲೂಕು, ವೇದಾವತಿಗೆ ಸೇರುವ ಹಳ್ಳದ ಪಕ್ಕದ ಪಟ್ಟಾ ಜಮೀನು.
ಮರ: ಹೊಳೆಮತ್ತಿ, ಮೂರು. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 137 ಸೆಂ.ಮೀ. ಎತ್ತರದಲ್ಲಿ, ಸುತ್ತಳತೆ 140, 112 ಮತ್ತು 74 ಸೆಂ.ಮೀ.
ಕಾಲ: ಡಿಸೆಂಬರ್ ಕೊನೆ.
ಬೇಕಾಗಿದ್ದು: ಔಷಧಿಗೆ ಬಳಸುವ ಚಕ್ಕೆ. ಎಷ್ಟು ಸಿಕ್ಕರೆ ಅಷ್ಟು. ಇಷ್ಟೇ ಬೇಕೆಂಬ ಲೆಕ್ಕ ಇಟ್ಟುಕೊಂಡಿಲ್ಲ.

ಕೊನೆಯ ಸಾಲನ್ನು ಬೇಕೆಂದೇ ಬರೆದಿದೆ. ಇಂತಿಷ್ಟು ಕೆಜಿ ಎಂದು ಮಾತು ಕೊಟ್ಟು ಮರದ ಹತ್ತಿರ ಹೋದವರು ಸಂಜೆಯ ಹೊತ್ತಿಗೆ ಬುಡದ ಸುತ್ತಲೂ ಕೆತ್ತಿರುತ್ತಾರೆ. ಎಷ್ಟು ತೆಗೆಯಬಹುದು ಎಂಬುದನ್ನು ಮರದ ಸುತ್ತಳತೆ ಮತ್ತು ತೊಗಟೆಯ ದಪ್ಪ ತೀರ್ಮಾನಿಸಬೇಕು. ಮೂರರಲ್ಲಿ 74ರ ಮರವನ್ನು ಮುಟ್ಟಿಲ್ಲ. ಮಳೆ ಚೆನ್ನಾಗಿರುವ ಸೀಮೆಗಳಲ್ಲಿ 60 ಸೆಂ.ಮೀ. ದಾಟಿದ ಮರದಿಂದ ತೆಗೆಯುವ ಪದ್ಧತಿ ಇದೆ. ನಮ್ಮ ಬಯಲುಸೀಮೆಗೆ 90 ಇಟ್ಟುಕೊಳ್ಳುವುದು ವಾಸಿ, ಇಲ್ಲಿ ಗಾಯ ಮಾಯುವುದು ನಿಧಾನ.

ಮರ ಯಾವುದು ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಹೊಳೆಮತ್ತಿಯನ್ನೇ ತೊರೆಮತ್ತಿ, ಬಿಳಿಮತ್ತಿ, ನೀರುಮತ್ತಿ ಎಂದೂ ಕರೆಯುತ್ತಾರೆ. ಕಾಂಡ ನುಣುಪು, ಬೂದಿ ಬೆರೆತ ಬಿಳಿ ಬಣ್ಣ, ಹೊರಪದರ ತಾನಾಗಿಯೇ ತೆಳ್ಳಗೆ ಕಳಚಿ ಬೀಳುತ್ತದೆ. ಕರಿಮತ್ತಿಯ ತೊಗಟೆ ಕಪ್ಪು, ಆಳವಾಗಿ ಬಿರಿದು ಚೌಕ ಚೌಕವಾಗಿರುತ್ತದೆ. ಎರಡರ ಕಾಯಿಗೂ ಐದು ರೆಕ್ಕೆ ಇರುವುದರಿಂದ ಕಾಯಿ ನೋಡಿ ಅವಸರದಲ್ಲಿ ಹೇಳುವ ಹಾಗಿಲ್ಲ. ರೆಕ್ಕೆಯ ಮೇಲಿನ ಗೆರೆಗಳನ್ನು ನೋಡಿ. ಮೇಲಕ್ಕೆ ಬಾಗಿದ್ದರೆ ಹೊಳೆಮತ್ತಿ, ಅಂಚಿನವರೆಗೆ ಅಡ್ಡಕ್ಕೆ ನೇರವಾಗಿ ಹೋಗಿದ್ದರೆ ಕರಿಮತ್ತಿ. ಔಷಧಿಯ ಚಕ್ಕೆಯಲ್ಲಿ ಇವೆರಡೂ ಬೆರೆತರೆ ಒಣಗಿದ ಮೇಲೆ ಆರಿಸಿ ಬೇರೆ ಮಾಡುವುದು ಬಹಳ ಕಷ್ಟ.

ಜಮೀನಿನ ವಿಷಯ ಚುಟುಕಾಗಿ. ಕಾಡಿನ ತೊಗಟೆ ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅರಣ್ಯ ಉತ್ಪನ್ನ. ಜೋಗಿಮಟ್ಟಿ ಅಭಯಾರಣ್ಯದಲ್ಲಾಗಲಿ ಜಗಳೂರಿನ ರಂಗಯ್ಯನದುರ್ಗ ಅಭಯಾರಣ್ಯದಲ್ಲಾಗಲಿ ಉಳಿ ತೆಗೆಯುವ ಮಾತೇ ಇಲ್ಲ. ಕೆರೆ ಏರಿ, ಭದ್ರಾ ನಾಲೆಯ ಬದಿ, ರಸ್ತೆ ಸಾಲಿನ ಮರಗಳೂ ನಮ್ಮವಲ್ಲ. ಸ್ವಂತ ಜಮೀನಿನ ಮರವಾದರೂ ಚಕ್ಕೆಯನ್ನು ಮಾರಲು ಸಾಗಿಸುವುದಿದ್ದರೆ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ಬರೆಸಿಕೊಳ್ಳಿ.

ತೊಗಟೆಯೊಳಗೆ ಏನಿದೆ

ಹೊರಗಿನಿಂದ ಒಳಕ್ಕೆ ಲೆಕ್ಕ ಹಾಕಿದರೆ ಮೊದಲು ಸತ್ತ ಹೊರಪದರ. ಅದರಡಿ ಹಸಿರು ಛಾಯೆಯ ತೆಳು ಪದರ. ಆಮೇಲೆ ನಸುಗೆಂಪಿನ ಗಟ್ಟಿ, ತರಿತರಿಯಾದ ನಡುತೊಗಟೆ. ಅದರೊಳಗೆ ಮಾಸಲು ಬಣ್ಣದ, ಒದ್ದೆಯಾದ, ಉದ್ದ ನಾರಿನ ಒಳತೊಗಟೆ. ಒಳತೊಗಟೆಗೂ ಕಟ್ಟಿಗೆಗೂ ನಡುವೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾದ ಕ್ಯಾಂಬಿಯಂ. ಹೊಸ ಕಟ್ಟಿಗೆ, ಹೊಸ ತೊಗಟೆ ಎರಡೂ ಹುಟ್ಟುವುದು ಅಲ್ಲಿಂದಲೇ.

ಬೇರಿನಿಂದ ನೀರು ಮೇಲೇರುವುದು ಕಟ್ಟಿಗೆಯ ಮೂಲಕ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಆದ್ದರಿಂದ ಸುತ್ತಲೂ ತೊಗಟೆ ಕಿತ್ತ ಮರ ಕೂಡಲೇ ಒಣಗುವುದಿಲ್ಲ. ನೀರು ಏರುತ್ತಲೇ ಇರುತ್ತದೆ, ಎಲೆ ಹಸಿರಾಗಿಯೇ ಇರುತ್ತದೆ, ನೆಲದಡಿ ಬೇರು ಮಾತ್ರ ಉಪವಾಸ ಬಿದ್ದಿರುತ್ತದೆ. ‘ತೊಗಟೆ ತೆಗೆದು ಆರು ತಿಂಗಳಾಯಿತು, ಮರ ಚೆನ್ನಾಗಿದೆ’ ಎಂಬ ಮಾತನ್ನು ನಂಬುವ ಹಾಗಿಲ್ಲ ಎನ್ನುವುದು ಇದಕ್ಕೇ.

ನಡುತೊಗಟೆಯವರೆಗೆ ಮಾತ್ರ ತೆಗೆದು ಒಳತೊಗಟೆ ಬಿಟ್ಟರೆ, ಉಳಿದ ಜೀವಂತ ಮೇಲ್ಮೈಯಡಿ ಇಡೀ ಅಗಲಕ್ಕೆ ಹೊಸ ರಕ್ಷಣಾ ಪದರ ಕಟ್ಟಿಕೊಳ್ಳುತ್ತದೆ. ಕಟ್ಟಿಗೆ ಕಾಣುವವರೆಗೆ ಕಿತ್ತರೆ ಆ ಜಾಗದಲ್ಲಿ ಸಾಮಾನ್ಯವಾಗಿ ಏನೂ ಹುಟ್ಟದು. ಎರಡೂ ಪಕ್ಕದ ಅಂಚಿನಿಂದ ತುಟಿ ಉಬ್ಬಿದ ಹಾಗೆ ಹೊಸ ಅಂಗಾಂಶ ತೆವಳಿ ಬಂದು ಮುಚ್ಚಬೇಕು, ಅದು ವರ್ಷಗಟ್ಟಲೆಯ ಕೆಲಸ. ಅಷ್ಟರಲ್ಲಿ ಕಟ್ಟಿಗೆಗೆ ಅಣಬೆ ಹಿಡಿದಿರುತ್ತದೆ, ಇಲ್ಲವೇ ಕಾಂಡ ಕೊರೆಯುವ ಹುಳು ಸೇರಿರುತ್ತದೆ.

ಹೀಗೆ ಪಕ್ಕದಿಂದ ಮುಚ್ಚುವುದರಿಂದ ಅಳತೆಯ ನಿಯಮವೂ ಅಲ್ಲೇ ಸಿಗುತ್ತದೆ. ತೊಗಟೆಯನ್ನು 12 ಸೆಂ.ಮೀ. ಅಗಲದ ಪಟ್ಟಿಯಾಗಿ ತೆಗೆದರೆ, ಕೈ ತಪ್ಪಿ ಕಟ್ಟಿಗೆ ಬಯಲಾದರೂ ಒಂದೊಂದು ಬದಿಯಿಂದ 6 ಸೆಂ.ಮೀ. ಬಂದರೆ ಸಾಕು, ಉದ್ದ 60 ಇರಲಿ 90 ಇರಲಿ. 25 ಸೆಂ.ಮೀ. ಅಗಲ ಮಾಡಿದರೆ ಕಾಯುವ ಕಾಲವೂ ಎರಡು ಪಟ್ಟು. ಹೆಚ್ಚು ಬೇಕೆನಿಸಿದರೆ ಉದ್ದ ಬೆಳೆಸಿ, ಅಗಲ ಬೇಡ. ಪಟ್ಟಿ ಯಾವಾಗಲೂ ಉದ್ದುದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ.

ಕಾಲ

ಮಳೆಗಾಲದಲ್ಲಿ ತೊಗಟೆ ಸಲೀಸಾಗಿ ಬರುತ್ತದೆ ಎಂದು ಕೀಳುವವರು ಹೆಚ್ಚು. ಸಲೀಸಾಗಿ ಬರುವುದೇ ಇಲ್ಲಿ ತೊಂದರೆ. ಆಗ ಕ್ಯಾಂಬಿಯಂ ಚುರುಕಾಗಿ, ಮೆತ್ತಗೆ ನೀರು ತುಂಬಿರುತ್ತದೆ; ಉಳಿ ಸ್ವಲ್ಪ ಮೀಟಿದರೂ ಪೂರ್ತಿ ದಪ್ಪದ ತೊಗಟೆ ಕಟ್ಟಿಗೆಯಿಂದ ಬಿಟ್ಟುಕೊಂಡು ಬರುತ್ತದೆ. ನಮ್ಮ ಕಡೆ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಜೋರು. ಅದು ನಿಂತು, ನೆಲ ಆರಿ, ತೊಗಟೆ ಕಟ್ಟಿಗೆಗೆ ಬಿಗಿಯಾಗಿ ಹಿಡಿದುಕೊಳ್ಳುವುದು ಡಿಸೆಂಬರ್‌ಗೆ. ಅಲ್ಲಿಂದ ಜನವರಿ ಮುಗಿಯುವವರೆಗೆ ಕೆಲಸ ಮಾಡಬಹುದು. ಫೆಬ್ರವರಿ ದಾಟಿದರೆ ಎಲೆ ಉದುರಿ ಮರ ಬೋಳಾಗುತ್ತದೆ, ಬಿಸಿಲು ನೇರವಾಗಿ ಗಾಯಕ್ಕೆ ಬೀಳುತ್ತದೆ. ಜನವರಿಯೊಳಗೆ ಮುಗಿಸಿದರೆ ಬೇಸಿಗೆಯ ಮೊದಲ ಚಿಗುರಿನ ಹೊತ್ತಿಗೆ ಮೇಲ್ಮೈ ಗಟ್ಟಿಯಾಗಿರುತ್ತದೆ, ಮುಂಗಾರಿನಲ್ಲಿ ಹೊಸ ತೊಗಟೆ ತುಂಬಿಕೊಳ್ಳುತ್ತದೆ.

ಮಳೆ ಕೈಕೊಟ್ಟ ವರ್ಷ ಯಾವ ಮರವನ್ನೂ ಮುಟ್ಟಬಾರದು. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯವರಿಗೆ ಇದರರ್ಥ ಕೆಲವೊಮ್ಮೆ ಸಾಲಾಗಿ ಎರಡು ವರ್ಷ ಏನೂ ಇಲ್ಲ. ಹೂ ಬಿಡುವ ಏಪ್ರಿಲ್–ಮೇ ಕೂಡ ಬೇಡ.

ಉಪಕರಣ

ಮಚ್ಚು, ಬಾಚಿ ಎರಡನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಬಾಚಿಯ ಏಟಿಗೆ ಆಳದ ಹಿಡಿತವಿಲ್ಲ. ಬೇಕಾದದ್ದು 25 ಮಿ.ಮೀ. ಉಳಿ ಒಂದು, 38 ಮಿ.ಮೀ. ಉಳಿ ಒಂದು, ಮರದ ಕೊಡತಿ, ಟೈಲರ್ ಟೇಪು, ಸೀಮೆಸುಣ್ಣ, ಸ್ಪಿರಿಟ್, ಹತ್ತಿ ಬಟ್ಟೆ, ಸೈಕಲ್ ಕಡ್ಡಿ.

ಸೈಕಲ್ ಕಡ್ಡಿ ತೊಗಟೆಯ ದಪ್ಪ ಅಳೆಯುವುದಕ್ಕೆ. ಒಂದು ತುದಿ ಚೂಪು ಮಾಡಿ, ಇನ್ನೊಂದು ತುದಿಯನ್ನು ಹಿಡಿಯಂತೆ ಬಗ್ಗಿಸಿ. ಉದುರುವ ಹೊರಪದರವನ್ನು ಕೈಯಿಂದ ಸವರಿ ತೆಗೆದು ಕಡ್ಡಿಯನ್ನು ನೇರವಾಗಿ ಒತ್ತಿದರೆ ತೊಗಟೆಯಲ್ಲಿ ಇಳಿದು ಕಟ್ಟಿಗೆ ತಾಗಿದಾಗ ನಿಲ್ಲುತ್ತದೆ. ಉಗುರಿನಿಂದ ಗುರುತು ಹಿಡಿದು ಸ್ಕೇಲಿಗೆ ಇಟ್ಟು ನೋಡುವುದು. ಪಟ್ಟಿಯ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅದರಲ್ಲಿ ಕನಿಷ್ಠವನ್ನು ಹಿಡಿಯಬೇಕು, ಸರಾಸರಿಯನ್ನಲ್ಲ. ತೆಗೆಯುವುದು ಆ ಕನಿಷ್ಠದ ಅರ್ಧ, ಅದಕ್ಕಿಂತ ಹೆಚ್ಚಿಲ್ಲ. ಕನಿಷ್ಠ 7 ಮಿ.ಮೀ.ಗಿಂತ ಕಡಿಮೆ ಬಂದರೆ ಆ ಬದಿಯನ್ನು ಬಿಟ್ಟುಬಿಡಿ.

25ರ ಉಳಿಗೆ ಆಳದ ಮಿತಿ ಕಟ್ಟಬೇಕು. ಜಾಲಿ ಮರದ ಎರಡು ತುಂಡು, ತಲಾ 60×25×12 ಮಿ.ಮೀ., ಉಳಿಯ ಅಲಗಿನ ಎರಡೂ ಮೈಗೆ ಕೂರುವ ಹಾಗೆ ಇಟ್ಟು, ಮೋಟರ್ ಅಂಗಡಿಯಲ್ಲಿ ಸಿಗುವ ಪೈಪ್ ಕ್ಲಿಪ್ ಎರಡನ್ನು ಹಾಕಿ ಸ್ಕ್ರೂಡ್ರೈವರಿನಿಂದ ಬಿಗಿಯುವುದು. ಮರದ ತುಂಡಿನ ಕೆಳಗೆ ಉಳಿಯ ಬಾಯಿ ಎಷ್ಟು ಮಿ.ಮೀ. ಹೊರಗಿದೆಯೋ ಅಷ್ಟೇ ಆಳಕ್ಕೆ ಇಳಿಯುತ್ತದೆ. ಕೊಡತಿ ಏಟಿಗೆ ತುಂಡು ಮೇಲಕ್ಕೆ ಜರುಗುವುದುಂಟು. ಅಲಗು ಮತ್ತು ಮರದ ನಡುವೆ ಸೈಕಲ್ ಟ್ಯೂಬಿನ ಚೂರು ಇಟ್ಟು ಬಿಗಿದರೆ ಜರುಗುವುದಿಲ್ಲ. ಆದರೂ ಒಂದೊಂದು ಪಟ್ಟಿಗೆ ಮುಂಚೆ ಸ್ಕೇಲ್ ಇಟ್ಟು ನೋಡಿ. ತುಂಡಿನ ಕೆಳ ಅಂಚನ್ನು ಅರದಿಂದ ದುಂಡಗೆ ಮಾಡದಿದ್ದರೆ ಅದೇ ತೊಗಟೆಗೆ ಒತ್ತಿ ಜಜ್ಜುತ್ತದೆ.

ಗುರುತು ಹಾಕಿದ್ದು

ಬದಿಯ ಆಯ್ಕೆ: ಉತ್ತರ ಮೊದಲು, ಪೂರ್ವ ಎರಡನೆಯದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಬದಿಗೆ ನೆರಳು. ಪಶ್ಚಿಮದ ಬದಿಗೆ ಮಧ್ಯಾಹ್ನದ ಬಿಸಿಲು. ಒಟ್ಟು ತೆರೆದ ಅಗಲ ಸುತ್ತಳತೆಯ ಕಾಲು ಭಾಗ ದಾಟಬಾರದು. ಎರಡು ಪಟ್ಟಿಗಳ ನಡುವೆ ಒಂದು ಪಟ್ಟಿಯಷ್ಟಾದರೂ ಮುಟ್ಟದ ತೊಗಟೆ ಇರಬೇಕು. ನೆಲದಿಂದ 75 ಸೆಂ.ಮೀ. ಬಿಟ್ಟು ಶುರು. ಅದಕ್ಕಿಂತ ಕೆಳಗೆ ಗೆದ್ದಲು, ದನದ ನಾಲಿಗೆ, ಮಳೆಗೆ ಸಿಡಿಯುವ ಮಣ್ಣು ಮೂರೂ ಗಾಯಕ್ಕೆ ತಾಗುತ್ತವೆ.

ಮರ 1 (140 ಸೆಂ.ಮೀ.). ಕಾಲು ಭಾಗ ಎಂದರೆ 35. ಉತ್ತರದಲ್ಲಿ ಅಳತೆ 11, 10, 12 ಮಿ.ಮೀ.; ಉಳಿ 5ಕ್ಕೆ. ಪೂರ್ವದಲ್ಲಿ 9, 9, 10. ಉಳಿ 4ಕ್ಕೆ, ಅರ್ಧ ಮಿ.ಮೀ. ಕಡಿಮೆಯೇ ಇರಲಿ ಎಂದು. ಎರಡೂ ಪಟ್ಟಿ 12 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದ. ತೆರೆದದ್ದು 24 ಸೆಂ.ಮೀ., ನಡುವೆ ಉಳಿದದ್ದು 23.

ಮರ 2 (112 ಸೆಂ.ಮೀ.). ಉತ್ತರದಲ್ಲಿ 9, 8, 9. ಪೂರ್ವದಲ್ಲಿ 7, 6, 7, ಹಾಗಾಗಿ ಅದನ್ನು ಬಿಟ್ಟಾಯಿತು. ಒಂದೇ ಪಟ್ಟಿ, 12×80, ಆಳ 4 ಮಿ.ಮೀ.

ಕೆತ್ತನೆ

ಸೀಮೆಸುಣ್ಣದಲ್ಲಿ ಪಟ್ಟಿ ಬರೆದು, ಮೇಲಿನ ಮತ್ತು ಕೆಳಗಿನ ತುದಿಗಳನ್ನು ಮೊನಚು ಮಾಡಿ. ಚೌಕ ತುದಿ ಇದ್ದರೆ ಮೇಲಿನಿಂದ ಇಳಿಯುವ ಆಹಾರ ಅಂಚಿಗೆ ತಲುಪದೆ ಮೂಲೆ ಒಣಗುತ್ತದೆ, ಕೆಳಗಿನ ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ. ಉಳಿಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಒರೆಸಿ.

ಮಿತಿ ಕಟ್ಟಿದ ಉಳಿಯನ್ನು ಗೆರೆಯ ಮೇಲೆ ನೆಟ್ಟಗೆ ಹಿಡಿದು ಕೊಡತಿಯಿಂದ ಹಗುರವಾಗಿ ಹೊಡೆಯುತ್ತಾ ಸುತ್ತಲೂ ಗೀರು ಹಾಕುವುದು. ಪಟ್ಟಿಯೊಳಗೆ 10 ಸೆಂ.ಮೀ.ಗೊಂದು ಅಡ್ಡ ಗೀರು. ಮುಂದಿನದು 38ರ ಉಳಿಯ ಕೆಲಸ. ಇಳಿಜಾರು ಮೈ ತೊಗಟೆಯ ಕಡೆ ಬರುವಂತೆ ಮಲಗಿಸಿ, ಮೇಲಿನಿಂದ ಕೆಳಕ್ಕೆ ಎರಡು ಮಿ.ಮೀ. ಪದರವಾಗಿ ಹೆರೆಯಬೇಕು. ಇಳಿಜಾರು ಮೈ ಹೊರಗಿದ್ದರೆ ಉಳಿ ತಾನಾಗಿ ಆಳಕ್ಕೆ ಹೋಗುತ್ತದೆ.

ಮೀಟಬಾರದು. ಇಡೀ ಕೆಲಸದಲ್ಲಿ ಕೈ ತಪ್ಪುವುದು ಇಲ್ಲೇ. ಗೀರು ಸರಿಯಾಗಿ ಬಿದ್ದಿರುತ್ತದೆ, ಆಳವೂ ಸರಿ ಇರುತ್ತದೆ, ಆಮೇಲೆ ಉಳಿಯನ್ನು ಸನ್ನೆಗೋಲು ಮಾಡಿ ಎತ್ತುತ್ತಾರೆ. ಎತ್ತಿದ ತೊಗಟೆ ಗೀರಿನ ಆಳದಲ್ಲಿ ಬಿಡುವುದಿಲ್ಲ, ತನ್ನ ಅತ್ಯಂತ ದುರ್ಬಲ ಪದರದಲ್ಲಿ ಬಿಡುತ್ತದೆ. ಆ ಪದರ ಕ್ಯಾಂಬಿಯಂ. ದೊಡ್ಡ ಹಾಳೆಯಾಗಿ ಚೆಂದದ ತೊಗಟೆ ಕೈಗೆ ಬಂತೆಂದರೆ ಕಟ್ಟಿಗೆ ಬಯಲಾಯಿತೆಂದೇ ಅರ್ಥ. ಸರಿಯಾಗಿ ತೆಗೆದ ತೊಗಟೆ ಚೂರುಚೂರಾಗಿ, ನೋಡಲು ಅಷ್ಟೇನೂ ಚೆನ್ನಾಗಿಲ್ಲದೆ ಬರುತ್ತದೆ. ಕೊಳ್ಳುವವರು ಉದ್ದ ಹಾಳೆಗೆ ಹೆಚ್ಚು ಬೆಲೆ ಕೊಡುವುದು ಮರಕ್ಕೆ ಮಾಡುವ ದ್ರೋಹ.

ಹೆರೆಯುವಾಗ ಕಣ್ಣು ಬಣ್ಣದ ಮೇಲಿರಲಿ. ನಸುಗೆಂಪು ಇರುವವರೆಗೆ ಹೋಗಬಹುದು. ಬಣ್ಣ ಮಾಸಿ, ಉಳಿಗೆ ತೇವ ಹತ್ತಿ, ಉದ್ದ ನಾರು ಏಳತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಗೀರಿನ ಆಳ ಇನ್ನೂ ಉಳಿದಿದ್ದರೂ ಸರಿ. ಕಾಂಡ ದುಂಡಗಿರುವುದರಿಂದ ಅಗಲದ ಉಳಿ ಪಟ್ಟಿಯ ನಡುವೆ ಹೆಚ್ಚು ಆಳಕ್ಕೆ ಹೋಗುವುದು ಸಾಮಾನ್ಯ. ಮೊದಲು ನಡುವನ್ನು ಮುಗಿಸಿ, ಆಮೇಲೆ ಎರಡೂ ಅಂಚಿಗೆ ಉಳಿಯನ್ನು ಓರೆ ಮಾಡಿ. ಕಾಂಡದಲ್ಲಿ ಉಬ್ಬು-ತಗ್ಗು ಇರುವ ಕಡೆ, ಬುಡದ ರೆಕ್ಕೆಯಂಥ ಏಣುಗಳ ಮೇಲೆ, ಗಂಟಿನ ಹತ್ತಿರ ಪಟ್ಟಿ ಹಾಕಲೇಬೇಡಿ.

ಮುಗಿಸಿ ಕೆಲವೇ ಗಂಟೆಗಳಲ್ಲಿ ಮೇಲ್ಮೈ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಅದು ಒಗರಿನ ಅಂಶ ಗಾಳಿಗೆ ಕಪ್ಪಾಗುವುದಷ್ಟೆ, ಗಾಬರಿ ಬೇಡ. ಕೈಯಿಂದ ಸವರುವುದು, ಬಟ್ಟೆಯಲ್ಲಿ ಒರೆಸುವುದು, ನೀರು ಹಾಕಿ ತೊಳೆಯುವುದು ಯಾವುದೂ ಬೇಡ.

ಎಲ್ಲೋ ಕಟ್ಟಿಗೆ ಕಂಡರೆ? ಬಿಳಿಚಿದ, ಗಟ್ಟಿಯಾದ, ಜಾರುವ ಮೈ ಕಂಡ ಕ್ಷಣ ಆ ಪಟ್ಟಿಯ ಕೆಲಸ ಮುಗಿದ ಹಾಗೆ. ಕಂಡ ಜಾಗವನ್ನು ಕೆರೆಯಬೇಡಿ. ಅದರ ಮೇಲೆ ಇನ್ನೂ ಜೀವಂತ ಕೋಶಗಳ ಪೊರೆ ಇರಬಹುದು, ಒಣಗದಿದ್ದರೆ ಅದರಿಂದಲೇ ತೊಗಟೆ ಕಟ್ಟಿಕೊಳ್ಳುವ ಸಾಧ್ಯತೆ ಇದೆ. ಅಂಚಿನಲ್ಲಿ ಜೋತಾಡುವ ತೊಗಟೆ ಇದ್ದರೆ ಹರಿತ ಚಾಕುವಿನಿಂದ ಬಿಗಿಯಾಗಿ ಅಂಟಿರುವವರೆಗೆ ಮಾತ್ರ ನೀಟು ಮಾಡಿ, ಆ ದಿನವೇ ನೆರಳು ಕಟ್ಟಿ. ಆ ಮರಕ್ಕೆ ಎರಡನೇ ಪಟ್ಟಿ ಬೇಡ.

ಲೇಪ ಬೇಕೇ

ಸಗಣಿ–ಕೆಮ್ಮಣ್ಣು ಮೆತ್ತುವುದು ಊರಿನ ವಾಡಿಕೆ. ಲೇಪದಿಂದ ಗಾಯ ಮಾಯುವುದಿಲ್ಲ, ಮಾಯಿಸುವುದು ಮರವೇ. ಮೊದಲ ಕೆಲವು ವಾರ ಜೀವಂತ ಮೇಲ್ಮೈ ಬಿಸಿಲು–ಗಾಳಿಗೆ ಒಣಗದಂತೆ ತಡೆದರೆ ಲೇಪದ ಕೆಲಸ ಮುಗಿಯಿತು, ಆ ಕೆಲಸವನ್ನು ಗೋಣಿತಟ್ಟೂ ಮಾಡುತ್ತದೆ. ಪಟ್ಟಿಯ ಮೇಲ್ಗಡೆ ತೆಂಗಿನ ಹಗ್ಗ ಸಡಿಲವಾಗಿ ಸುತ್ತಿ ಅದಕ್ಕೆ ಗೋಣಿತಟ್ಟು ಇಳಿಬಿಟ್ಟರೆ ಗಾಳಿ ಆಡುತ್ತದೆ, ಬಿಸಿಲು ತಾಗುವುದಿಲ್ಲ. ಉತ್ತರದ ಪಟ್ಟಿಗಳಿಗೆ ಏನನ್ನೂ ಹಾಕಿಲ್ಲ. ಮರ 1ರ ಪೂರ್ವಕ್ಕೆ ಮಾತ್ರ ಗೋಣಿತಟ್ಟು. ಒಂದು ತಿಂಗಳಿಗೆ ಅದನ್ನು ಬಿಚ್ಚಬೇಕು. ಬಿಟ್ಟರೆ ಒಳಗೆ ಇರುವೆ ಗೂಡು, ಮೇಲೆ ಹಗ್ಗದ ಬಿಗಿ.

ಗಾಳಿ ಬಿರುಸಾಗಿರುವ ಗುಡ್ಡದ ಬದಿಯಲ್ಲಿ ಲೇಪವೇ ಬೇಕಾದರೆ ಕೆಮ್ಮಣ್ಣು ಎರಡು ಪಾಲು, ಸಗಣಿ ಒಂದು ಪಾಲು, ಸಣ್ಣ ಹೊಟ್ಟು ಒಂದು ಹಿಡಿ, ಬೇವಿನೆಣ್ಣೆ ಸ್ವಲ್ಪ. ದಪ್ಪ 3–4 ಮಿ.ಮೀ. ಎರೆಮಣ್ಣು ಬಳಸಬೇಡಿ, ಒಣಗಿ ಬಿರಿದಾಗ ಮೇಲ್ಮೈಯನ್ನೂ ಕಿತ್ತುಕೊಂಡು ಬರುತ್ತದೆ. ಲೇಪ ನೆಲದವರೆಗೆ ಹರಿದರೆ ಗೆದ್ದಲು ಅದರೊಳಗೇ ದಾರಿ ಮಾಡಿಕೊಳ್ಳುತ್ತದೆ. ಅಡಿಕೆ ತೋಟದವರ ಹತ್ತಿರ ಮೈಲುತುತ್ತ–ಸುಣ್ಣ ಸದಾ ಇರುತ್ತದೆ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 10 ಲೀಟರಿನ ಬೋರ್ಡೋ ಮುಲಾಮು ಕಡಿದ ಕೊಂಬೆಯ ಮೇಲೆ ಒಳ್ಳೆಯದು, ಔಷಧಿಗೆ ಮತ್ತೆ ತೊಗಟೆ ತೆಗೆಯುವ ಜಾಗಕ್ಕೆ ತಾಮ್ರ ಬೇಡ. ಟಾರು, ಎನಾಮಲ್ ಪೇಂಟು ಯಾವ ಮರಕ್ಕೂ ಬೇಡ.

ಮೇಕೆ ಓಡಾಡುವ ಜಾಗವಾದರೆ ಬುಡಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿ. ಹಸಿ ಅಂಚು ಸಿಕ್ಕರೆ ಮೇಕೆ ಉಳಿದದ್ದನ್ನೂ ಸಿಪ್ಪೆ ತೆಗೆದಂತೆ ಎಳೆದುಬಿಡುತ್ತದೆ.

ಒಣಗಿಸುವುದು, ತೂಕ

ಮೂರು ಪಟ್ಟಿಗಳಿಂದ ಹಸಿ ತೊಗಟೆ 1.3 ಕೆಜಿ. ಒಣಗಿದ ಮೇಲೆ 650 ಗ್ರಾಂ ಆಸುಪಾಸು. ಅಂದಾಜನ್ನು ಮೊದಲೇ ಮಾಡಿಕೊಳ್ಳಬಹುದು: ಅಗಲ, ಉದ್ದ, ಆಳ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿದರೆ ಬರುವ ಅಂಕಿ ಹೆಚ್ಚುಕಡಿಮೆ ಹಸಿ ತೂಕದ ಗ್ರಾಂ. ಒಣ ತೂಕ ಅದರ ಅರ್ಧ. ಅಂದರೆ 10 ಕೆಜಿ ಒಣ ಚಕ್ಕೆಗೆ ಮರ 1ರಂಥ ಮರಗಳು ಇಪ್ಪತ್ತಾದರೂ ಬೇಕು. ಒಂದೇ ಮರದಿಂದ ಚೀಲ ತುಂಬಿತು ಎಂದರೆ ಆ ಮರ ಹೋಯಿತು ಎಂದು ತಿಳಿಯಿರಿ.

ದೊಡ್ಡ ತುಂಡುಗಳನ್ನು ಅದೇ ದಿನ 3–4 ಸೆಂ.ಮೀ. ಅಗಲಕ್ಕೆ ಸೀಳಬೇಕು. ಇಲ್ಲದಿದ್ದರೆ ಸುರುಳಿಯಾಗಿ ಒಳಗೆ ಬೂಷ್ಟು ಹಿಡಿಯುತ್ತದೆ. ಈರುಳ್ಳಿ ಇಡುವ ಗಾಳಿಯಾಡುವ ಶೆಡ್ಡು ಇದಕ್ಕೆ ಹೇಳಿ ಮಾಡಿಸಿದ್ದು. ಬಿದಿರ ತಟ್ಟಿಯ ಮೇಲೆ ಒಂದೇ ಪದರವಾಗಿ ಹರಡಿ ದಿನಕ್ಕೊಮ್ಮೆ ಮಗುಚಿದರೆ ಸಾಕು. ಮೆಕ್ಕೆಜೋಳದ ಹಾಗೆ ರಸ್ತೆ ಮೇಲೆ ಒಣಹಾಕಬೇಡಿ, ಡಾಂಬರು, ಧೂಳು ಎರಡೂ ಹತ್ತುತ್ತವೆ. ಬಗ್ಗಿಸಿದಾಗ ಪಟ್ಟನೆ ಮುರಿಯಬೇಕು. ಎರಡು ದಿನ ಸಾಲಾಗಿ ತೂಕ ಇಳಿಯದೆ ನಿಂತರೆ ಒಣಗಿದೆ ಎಂದರ್ಥ. ಹೊಸ ಗೋಣಿಚೀಲಕ್ಕೆ ತುಂಬಿ ನೆಲಕ್ಕೆ ತಾಗದಂತೆ ಇಡಿ. ಯೂರಿಯಾ ಚೀಲ, ಬೀಜೋಪಚಾರ ಮಾಡಿದ ಬಿತ್ತನೆ ಬೀಜದ ಚೀಲ ಬೇಡ. ಚೀಲದ ಮೇಲೆ ಮರದ ನಂಬರು, ತಿಂಗಳು, ವರ್ಷ ಬರೆಯಿರಿ.

ಜಾಲಿ, ತಂಗಡಿ

ಬಣ್ಣಕ್ಕೋ ಚರ್ಮ ಹದ ಮಾಡುವುದಕ್ಕೋ ತೊಗಟೆ ಬೇಕಿದ್ದರೆ ಉಳಿಯ ಈ ಕಸರತ್ತೇ ಬೇಡ. ಬದುವಿನ ಕರಿಜಾಲಿಯ ಕೊಂಬೆಗಳನ್ನು ಬೆಳೆಗೆ ನೆರಳಾಗುತ್ತದೆಂದೋ ಮೇಕೆಗೆ ಸೊಪ್ಪಿಗೆಂದೋ ಹೇಗೂ ಸವರುತ್ತಾರೆ. ಆ ಕೊಂಬೆಯ ತೊಗಟೆ ಸಾಕು, ಕಾಂಡಕ್ಕೆ ಕೈ ಹಾಕುವ ಅಗತ್ಯವಿಲ್ಲ. ಕಡಿದ ದಿನವೇ ಕೊಡತಿಯಿಂದ ಸುತ್ತಲೂ ಬಡಿದು ಸುಲಿಯಬೇಕು, ಮರುದಿನಕ್ಕೆ ತೊಗಟೆ ಕಟ್ಟಿಗೆಗೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಪೂರ್ತಿ ದಪ್ಪ ಬಂದರೆ ಲಾಭವೇ. ಕೊಂಬೆ ಕಡಿಯುವಾಗ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಅದರಾಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ಕತ್ತರಿಸಿ. ಒಂದೇ ಏಟಿಗೆ ಕಡಿದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಕೆಳಗಿನವರೆಗೆ ಸೀಳಿಕೊಂಡು ಹೋಗುತ್ತದೆ.

ತಂಗಡಿ ಗಿಡ ಬುಡದಿಂದ ಮತ್ತೆ ಚಿಗುರುವ ಜಾತಿ. ನೆಲದಿಂದ ಒಂದು ಗೇಣು ಬಿಟ್ಟು ಬಲಿತ ಕಡ್ಡಿಗಳನ್ನಷ್ಟೇ ಕತ್ತರಿಸಿ, ಎಳೆಯವನ್ನು ಉಳಿಸಿದರೆ ಬುಡ ಸಾಯುವುದಿಲ್ಲ. ಬೇರು ಸಮೇತ ಕಿತ್ತರೆ ಮುಗಿಯಿತು.

ಮುಂದೆ ನೋಡಬೇಕಾದದ್ದು

ಮರಕ್ಕೆ ಮೊಳೆ ಹೊಡೆಯದೆ, ಅಲ್ಯೂಮಿನಿಯಂ ಚೀಟಿಯನ್ನು ಸಡಿಲ ಹಗ್ಗದಲ್ಲಿ ಕಟ್ಟಿದೆ. ಪಟ್ಟಿಯ ನಡುಮಟ್ಟದಲ್ಲಿ ಮಾಯದ ಅಗಲ ಎಷ್ಟಿದೆ ಎಂದು ಮೇ, ಸೆಪ್ಟೆಂಬರ್, ಡಿಸೆಂಬರ್‌ನಲ್ಲಿ ಅಳೆದು ಬರೆಯುವುದು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳತೊಗಟೆ ಸತ್ತು ಕಟ್ಟಿಗೆಯಿಂದ ಬಿಟ್ಟಿದೆ ಎಂದು ಲೆಕ್ಕ. ಕಾಂಡದ ಮೇಲೆ ಹಿಕ್ಕೆ, ತೊಗಟೆಪುಡಿ, ರೇಷ್ಮೆ ನೂಲು ಬೆರೆತ ಕಂದು ಪಟ್ಟಿ ಹರಿದಿದ್ದರೆ ಅದು ತೊಗಟೆ ತಿನ್ನುವ ಹುಳು. ಹಗಲು ಹೆಚ್ಚಾಗಿ ಕವಲಿನ ಸಂದಿಯ ತೂತಿನಲ್ಲಿ ಇರುತ್ತದೆ, ರಾತ್ರಿ ಹೊರಬಂದು ತಿನ್ನುತ್ತದೆ. ಆ ಕಂದು ಪಟ್ಟಿಯನ್ನು ಪೊರಕೆಯಿಂದ ಗುಡಿಸಿ, ತೂತಿನೊಳಗೆ ತಂತಿ ಆಡಿಸಿ ಕೊಲ್ಲುವುದು. ಬೇರೆ ಮರಗಳಿಗೆ ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ ಮಣ್ಣು ಮೆತ್ತುವ ರೂಢಿ ಇದೆ, ಔಷಧಿಯ ಮರಕ್ಕೆ ಬರಿಯ ತಂತಿಯೇ ಸಾಕು.

ಹೊಸ ತೊಗಟೆಯ ದಪ್ಪ ಪಕ್ಕದ ಹಳೆಯದಕ್ಕೆ ಸಮನಾಗಿ, ಮೇಲ್ಪದರ ಉದುರಲು ಶುರುವಾಗುವವರೆಗೆ ಈ ಎರಡೂ ಮರಕ್ಕೆ ಹೊಸ ಪಟ್ಟಿ ಇಲ್ಲ. ಒಳ್ಳೆಯ ಮಳೆಯಾದರೆ ಎರಡು ವರ್ಷಕ್ಕೆ ಆ ಹಂತ ಬರಬಹುದು, ಇಲ್ಲಿ ಮೂರು ಎಂದುಕೊಂಡರೆ ಸುರಕ್ಷಿತ. ಆಗ ಮರ 1ಕ್ಕೆ ಈಶಾನ್ಯದಲ್ಲಿ ಮುಟ್ಟದೆ ಉಳಿದ 23 ಸೆಂ.ಮೀ. ನಡುವೆ ಒಂದು ಪಟ್ಟಿ. ಮರ 2ರ ಪೂರ್ವಕ್ಕೆ ಮತ್ತೆ ಸೈಕಲ್ ಕಡ್ಡಿ ಇಟ್ಟು ನೋಡುವುದು, 7 ಮಿ.ಮೀ. ದಾಟಿದ್ದರೆ ಮಾತ್ರ ಉಳಿ.